ಎಪ್ಪತ್ತೆರಡು ಮೆಟ್ಟಿಲಿಗೊಂದು ಕೈಪಿಡಿ

ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಟೈಲರಕ್ಕ. ತಟ್ಟಿದ ರಭಸಕ್ಕೆ ಅವಳ ಕುತ್ತಿಗೆಯಲ್ಲಿದ್ದ ಅಳತೆ ಟೇಪು ಜಾರಿ, ಮುಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ವೆಲ್ಡರನ ಹೆಗಲ ಮೇಲೆ ಬಿತ್ತು. ಅವನು ಮೈಮೇಲೆ ಹಾವು ಬಿದ್ದವನ ಹಾಗೆ ಎದ್ದು ನಿಂತು, ಸುತ್ತಲೂ ಎಲ್ಲರೂ ಚಪ್ಪಾಳೆ ತಟ್ಟುತ್ತಿರುವುದನ್ನು ನೋಡಿ, ತಾನೂ ತಟ್ಟತೊಡಗಿದ.

"ಇನ್ನೊಂದ್ಸಲ ಹೇಳ್ತೀನಿ," ಎಂದರು ಅಧ್ಯಕ್ಷರು. ಅವರದ್ದು ಔಷಧಿ ಅಂಗಡಿ. ಮಾತ್ರೆ ಯಾವಾಗ ನುಂಗಬೇಕು ಅಂತ ಒಬ್ಬೊಬ್ಬರಿಗೂ ಎರಡೆರಡು ಸಲ ಹೇಳಿ ಹೇಳಿ, ಬಡಾವಣೆ ಸಮಿತಿಯಲ್ಲೂ ಅದೇ ರೂಢಿಯಾಗಿಹೋಗಿತ್ತು. "ಈ ವರ್ಷದ ಬಡಾವಣೆ ನಿಧಿಯಿಂದ ಮೆಟ್ಟಿಲು ಬೀದಿಗೆ ಕೈಪಿಡಿ ಮಂಜೂರಾಗಿದೆ. ಮಂಜೂರಾಗಿದೆ. ಇನ್ನೊಂದು ತಿಂಗಳಲ್ಲಿ ನಿಮ್ಮ ಕೈಗೆ ಬರುತ್ತೆ."

ಕೈಗೆ ಬರುತ್ತೆ ಅನ್ನುವ ಮಾತು ಟೈಲರಕ್ಕನಿಗೆ ಬಹಳ ಹಿಡಿಸಿತು. ಕೈಪಿಡಿ ಬರಬೇಕಾದದ್ದು ಕೈಗೇ ತಾನೆ! ಅಧ್ಯಕ್ಷರ ಪಕ್ಕದಲ್ಲಿ ಕಡತಗಳ ಹಿಂದೆ ಕೂತಿದ್ದ ಗುಮಾಸ್ತರು ಮಾತ್ರ ಯಾಕೋ ಹೊಸ ಮದುಮಗನ ಹಾಗೆ ತಲೆ ತಗ್ಗಿಸಿ ನಾಚಿಕೊಳ್ಳುತ್ತಿದ್ದರು. ಕೈಗೆ ಬಂದ ಯಾವ ಕಾಗದವನ್ನೂ ಒಂದು ಷರಾ ಬರೆಯದೆ ಮುಂದಕ್ಕೆ ಕಳಿಸಿದ ಮನುಷ್ಯನಲ್ಲ. ಅದಕ್ಕೇ ಬಡಾವಣೆಯವರೆಲ್ಲ ಅವರನ್ನು ಷರಾ ಸಾಹೇಬರು ಅಂತಲೇ ಕರೆಯುತ್ತಿದ್ದರು. ಮೆಟ್ಟಿಲಿಗೆ ಕಂಬಿ ಹಾಕಿಸುವುದಕ್ಕೆ ಇವರಿಗೇಕಪ್ಪ ಇಷ್ಟು ನಾಚಿಕೆ ಅಂತ ಅವಳಿಗೆ ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಚಹಾ ಬಂತು, ಅನ್ನಿಸಿದ್ದು ಮರೆತುಹೋಯಿತು.

ಮೆಟ್ಟಿಲು ಬೀದಿಗೆ ಆ ಹೆಸರು ಬರಲು ಕಾರಣವೇ ಬೇಕಿಲ್ಲ. ಕೆಳಗಿನ ರಸ್ತೆಯಿಂದ ಗುಡ್ಡದ ಮೇಲಿನ ಮನೆಗಳಿಗೆ ಎಪ್ಪತ್ತೆರಡು ಮೆಟ್ಟಿಲು. ಮನೆಗಳ ಹಿಂದೆ ಬಂಡೆ. ಗಾಡಿ ಬರುವ ದಾರಿ ಇಲ್ಲ, ಬಳಸಿ ಬರುವ ದಾರಿಯೂ ಇಲ್ಲ. ಕಟ್ಟಿದ ಪುಣ್ಯಾತ್ಮ ಒಂದೊಂದು ಮೆಟ್ಟಿಲನ್ನೂ ಒಂದೊಂದು ಮನಸ್ಥಿತಿಯಲ್ಲಿ ಕಟ್ಟಿದ್ದನೇನೋ, ಒಂದು ಗೇಣುದ್ದ, ಇನ್ನೊಂದು ಮೊಣಕಾಲುದ್ದ. ಹಿಡಿದುಕೊಳ್ಳಲು ಏನೂ ಇಲ್ಲ. ಟೈಲರಕ್ಕನ ಮನೆ ಮೇಲುಗಡೆ, ಹೊಲಿಗೆ ಅಂಗಡಿ ಕೆಳಗಡೆ. ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದು ಅವಳ ಕಾಲಿಗೆ ಎಪ್ಪತ್ತೆರಡೂ ಬಾಯಿಪಾಠವಾಗಿದ್ದವು.

ಅವಳ ಅತ್ತೆಗೂ ಬಾಯಿಪಾಠವಾಗಿದ್ದವು, ಎಂಟು ತಿಂಗಳ ಹಿಂದಿನವರೆಗೆ. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಭಾಷೆ ಕಲಿಸಿದ ಹೆಂಗಸು, ಎಲ್ಲರಿಗೂ ಟೀಚರಮ್ಮ. ನಿವೃತ್ತಿಯಾದ ಮೇಲೆ ದಿನಾ ಕೆಳಗಿಳಿದು ಬಂದು, ಸೊಸೆಯ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತ, ಬಂದ ಗಿರಾಕಿಗಳ ವ್ಯಾಕರಣ ತಿದ್ದುತ್ತಿದ್ದರು. "ಪ್ಯಾಂಟು ಟೈಟಾಗಿದೆ" ಅಂದವನಿಗೆ "ಪ್ಯಾಂಟು ಬಿಗಿಯಾಗಿಲ್ಲಪ್ಪ, ನೀನು ದಪ್ಪಗಾಗಿದೀಯ, ಕರ್ತೃವನ್ನ ಸರಿಯಾಗಿ ಹಿಡಿ" ಅನ್ನುತ್ತಿದ್ದರು. ಗಿರಾಕಿ ಕಡಿಮೆಯಾಗುತ್ತಾರೆ ಅಂತ ಸೊಸೆ ಒಳಗೊಳಗೇ ಹೆದರಿದ್ದಳು. ಆದದ್ದು ತದ್ವಿರುದ್ಧ, ಬೈಸಿಕೊಳ್ಳಲಿಕ್ಕೆಂದೇ ಕೆಲವರು ಒಳ್ಳೆಯ ಪ್ಯಾಂಟು ತಂದು ಕೊಡುತ್ತಿದ್ದರು.

ಒಂದು ದಿನ ಬೆಳಿಗ್ಗೆ ಮಳೆ ನಿಂತ ಹೊತ್ತಿನಲ್ಲಿ, ನಲವತ್ತನೇ ಮೆಟ್ಟಿಲಿನಲ್ಲಿ ಕಾಲು ಜಾರಿತು. ಕಣಕಾಲು ಮುರಿಯಿತು. ಮೂರು ತಿಂಗಳಿಗೆ ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ನಡೆದಾಡಿ, ಇಳಿದಾಡಿ, ಏನೂ ಆಗಲ್ಲ ಅಂತ ವೈದ್ಯರು ಹೇಳಿದ್ದರು. ದಿನಾ ಬೆಳಿಗ್ಗೆ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಮೇಲಿನ ಮೆಟ್ಟಿಲಿನವರೆಗೆ ಬರುವರು. ಒಂದು ಕಾಲು ಮುಂದಿಡುವರು. ಆ ಕಾಲು ಗಾಳಿಯಲ್ಲೇ ಒಂದಷ್ಟು ಹೊತ್ತು ಯೋಚನೆ ಮಾಡಿ ವಾಪಸು ಬರುತ್ತಿತ್ತು. ಅಂಗಡಿಯ ಬಾಗಿಲು ತೆಗೆಯುತ್ತ ಸೊಸೆ ಕೆಳಗಿನಿಂದ ಅದನ್ನು ನೋಡುತ್ತಿದ್ದಳು. ನೋಡಿದ್ದನ್ನು ಯಾವತ್ತೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಅರ್ಜಿ ಬರೆಯಲು ಕೂತದ್ದು ಅದಕ್ಕೇ. "ಮೆಟ್ಟಿಲುಗಳಿಗೆ ರೇಲಿಂಗ್" ಅನ್ನುವಷ್ಟು ಬರೆದಿದ್ದಳು, ಹಿಂದಿನಿಂದ ಧ್ವನಿ ಬಂತು.

"ರೇಲಿಂಗಾ? ಮೂವತ್ತನಾಲ್ಕು ವರ್ಷ ಭಾಷೆ ಕಲಿಸಿದವಳ ಮನೆಯಿಂದ ರೇಲಿಂಗ್ ಅಂತ ಅರ್ಜಿ ಹೋಗ್ಬೇಕಾ?"

"ಮತ್ತೇನು ಬರೀಲಿ ಅತ್ತೆ? ಕಂಬಿ ಅಂತ ಬರೀಲಾ?"

"ಕಂಬಿ ಎಣಿಸೋಕೆ ಹೋಗ್ತಿದೀವಾ ನಾವು? ಕೈಪಿಡಿ ಅಂತ ಬರಿ. ಕೈಯಿಂದ ಹಿಡಿಯೋದು ಕೈಪಿಡಿ. ಎಷ್ಟು ಮುದ್ದಾಗಿದೆ ನೋಡು ಪದ."

"ಅವರಿಗೆ ಅರ್ಥ ಆಗುತ್ತಾ?"

"ಆಗದಿದ್ರೆ ನಿಘಂಟು ನೋಡ್ಲಿ. ಅಷ್ಟೂ ಮಾಡದೆ ಇದ್ರೆ ಸಮಿತಿ ಯಾಕೆ ಬೇಕು?"

ಆಮೇಲೆ ಅರ್ಜಿಯನ್ನು ಅತ್ತೆಯೇ ಹೇಳಿ ಬರೆಸಿದರು. ಕೈಪಿಡಿಯು ಗಟ್ಟಿಯಾಗಿರಬೇಕು. ಎರಡೂ ಬದಿಯಲ್ಲಿರಬೇಕು. ಮಳೆ ಬಿಸಿಲಿಗೆ ಹಾಳಾಗಬಾರದು. ಮೊದಲಿನಿಂದ ಕೊನೆಯವರೆಗೆ ಎಲ್ಲೂ ಕಡಿಯದೆ ಸಾಗಬೇಕು. ಹಿರಿಯರಿಗೂ ಮಕ್ಕಳಿಗೂ ದಾರಿಯುದ್ದಕ್ಕೂ ಆಸರೆಯಾಗಿ ಒದಗಬೇಕು. ಬರೆಸಿ ಮುಗಿದ ಮೇಲೆ ತಾವೇ ಎರಡು ಸಲ ಓದಿ, "ಒಂದು ಅಕ್ಷರ ಆಚೀಚೆ ಇಲ್ಲ" ಅಂತ ತಮ್ಮ ಬೆನ್ನು ತಾವೇ ತಟ್ಟಿಕೊಂಡಿದ್ದರು.

ಮಂಜೂರಾದ ಸುದ್ದಿ ಹೊತ್ತು ಟೈಲರಕ್ಕ ಆ ದಿನ ಎಪ್ಪತ್ತೆರಡು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದಳು.

"ಹೇಳಿದ್ನಲ್ಲ," ಎಂದರು ಅತ್ತೆ. "ಒಳ್ಳೆ ಭಾಷೆಗೆ ಬೆಲೆ ಇದ್ದೇ ಇದೆ." ಅಂದವರೇ ಎದ್ದು ಹೋಗಿ, ಮಂಚದ ಕೆಳಗಿದ್ದ ಚಪ್ಪಲಿಯ ಧೂಳು ಒರೆಸಿಟ್ಟರು.

ತಿಂಗಳು ಕಳೆದು ಒಂದು ಮಧ್ಯಾಹ್ನ ಸಮಿತಿಯ ವ್ಯಾನು ಅಂಗಡಿಯ ಮುಂದೆ ನಿಂತಿತು. ಟೈಲರಕ್ಕ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಉಗುಳಿ ಹೊರಗೆ ಓಡಿದಳು. ಪಕ್ಕದ ಶೆಡ್ಡಿನಿಂದ ವೆಲ್ಡರ್ ಬಂದ, ಎದುರಿನಿಂದ ಬೇಕರಿಯವಳು ಬಂದಳು. ಚಾಲಕ ಐದು ರಟ್ಟಿನ ಪೆಟ್ಟಿಗೆ ಇಳಿಸಿ, ರುಜು ಹಾಕಿಸಿಕೊಂಡು ಹೊರಟುಹೋದ.

"ಕಂಬಿ ಇಷ್ಟು ಗಿಡ್ಡ ಇರುತ್ತಾ?" ಅಂದಳು ಬೇಕರಿಯವಳು.

"ಬಿಡಿಬಿಡಿಯಾಗಿ ಕಳಿಸಿರ್ತಾರೆ, ಇಲ್ಲೇ ಜೋಡಿಸ್ಬೇಕು," ಅಂದ ವೆಲ್ಡರ್, ಕಸುಬು ಬಲ್ಲವನ ಗತ್ತಿನಲ್ಲಿ. ಪೆಟ್ಟಿಗೆಯ ಬಾಯಿ ಬಿಚ್ಚಿದ. ಒಳಗೆ ಪುಸ್ತಕ. "ನೋಡಿದ್ರಾ, ಹೇಗೆ ಜೋಡಿಸ್ಬೇಕು ಅಂತ ಪುಸ್ತಕ ಬೇರೆ ಇಟ್ಟಿದಾರೆ. ಅಚ್ಚುಕಟ್ಟು ಅಂದ್ರೆ ಇದು."

ಒಂದು ಪುಸ್ತಕ ತೆಗೆದ. ಅದರ ಕೆಳಗೆ ಇನ್ನೊಂದು. ಅದರ ಕೆಳಗೂ ಅದೇ. ಎರಡನೇ ಪೆಟ್ಟಿಗೆಯಲ್ಲೂ ಅದೇ. ಟೈಲರಕ್ಕ ಒಂದನ್ನು ಕೈಗೆತ್ತಿಕೊಂಡಳು. ಇಟ್ಟಿಗೆಯಂಥ ಗಟ್ಟಿ ರಟ್ಟು. ಮಳೆ ಬಿಸಿಲಿಗೆ ಹಾಳಾಗದಂತೆ ಪ್ಲಾಸ್ಟಿಕ್ ಹೊದಿಕೆ. ಹಾಳೆಯ ಎರಡೂ ಬದಿಯಲ್ಲಿ ಒತ್ತೊತ್ತಾಗಿ ಅಕ್ಷರ. ಮೊದಲಿನಿಂದ ಕೊನೆಯವರೆಗೆ ಒಂದು ಅಧ್ಯಾಯವೂ ಕಡಿಯದೆ ಸಾಗಿದೆ. ಮೇಲೆ ಚಿನ್ನದ ಬಣ್ಣದಲ್ಲಿ: 'ಮೆಟ್ಟಿಲು ಬಳಸುವವರ ಕೈಪಿಡಿ'.

ಬೇಕರಿಯವಳು ಜೋರಾಗಿ ಓದತೊಡಗಿದಳು. "'ಮೆಟ್ಟಿಲು ಎಂದರೇನು? ಎತ್ತರದ ಜಾಗಕ್ಕೆ ಹೋಗಲು ಮನುಷ್ಯ ಕಂಡುಕೊಂಡ ಉಪಾಯವೇ ಮೆಟ್ಟಿಲು. ಹತ್ತಲು ಬಳಸಿದ ಮೆಟ್ಟಿಲನ್ನೇ ಇಳಿಯಲೂ ಬಳಸಬಹುದು...'" ಅಲ್ಲಿಂದ ಮುಂದೆ ಅವಳಿಗೆ ಓದಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ವೆಲ್ಡರ್ ಕಣ್ಣೀರು ಒರೆಸಿಕೊಳ್ಳುತ್ತ, "ಅಯ್ಯೋ, ಇಳಿಯೋಕೂ ಬಳಸಬಹುದಂತೆ! ಇಷ್ಟು ದಿನ ಯಾರೂ ಹೇಳ್ಲೇ ಇಲ್ವಲ್ಲ!" ಅಂದ. ಬಸ್ಸಿಗೆ ಕಾಯುತ್ತಿದ್ದವರೂ ಬಂದು ಒಂದೊಂದು ಪ್ರತಿ ತೆಗೆದುಕೊಂಡು ನಗತೊಡಗಿದರು.

ಟೈಲರಕ್ಕನೂ ನಗುತ್ತಿದ್ದಳು. ನಗುತ್ತ ನಗುತ್ತ ತಲೆ ಎತ್ತಿದರೆ, ಮೇಲಿನ ಮೆಟ್ಟಿಲಿನಲ್ಲಿ ಅತ್ತೆ ಹಣೆಗೆ ಕೈ ಅಡ್ಡ ಇಟ್ಟುಕೊಂಡು ಕೆಳಗೆ ಬಂದ ಪೆಟ್ಟಿಗೆಗಳನ್ನು ನೋಡುತ್ತ ನಿಂತಿದ್ದರು. ಕಾಲಲ್ಲಿ ಚಪ್ಪಲಿ ಇತ್ತು. ಅವಳು ತೆರೆದಿದ್ದ ಪೆಟ್ಟಿಗೆಯ ಬಾಯಿ ಮುಚ್ಚಿದಳು.

ಒಂದು ಪ್ರತಿಯನ್ನು ಮೇಲಕ್ಕೆ ಒಯ್ದು ಕೊಟ್ಟಾಗ ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ತಂದರು. ಕನ್ನಡಕ ಹಾಕಿಕೊಂಡು ಹೆಸರು ಓದಿದರು. ಕನ್ನಡಕ ತೆಗೆದರು. "ನನ್ನ ಪದ," ಎಂದರು. ಅಷ್ಟೇ. ಪುಸ್ತಕವನ್ನು ಕಿಟಕಿಯ ಮೇಲಿಟ್ಟು, ಚಪ್ಪಲಿಯನ್ನು ಮಂಚದ ಕೆಳಗೆ ತಳ್ಳಿದರು.

ಮೂರು ದಿನ ಮನೆಯಲ್ಲಿ ಯಾರ ಭಾಷೆಯನ್ನೂ ಯಾರೂ ತಿದ್ದಲಿಲ್ಲ. ಬಸ್ಸಿನ ಚಾಲಕನಾಗಿದ್ದ ಟೀಚರಮ್ಮನ ಮಗ, ಟೈಲರಕ್ಕನ ಗಂಡ, ಊಟಕ್ಕೆ ಕೂತು "ಇವತ್ತು ಬ್ರೇಕ್ ಫೇಲ್ ಆಗೋ ಚಾನ್ಸಸ್ ಇತ್ತು" ಅಂದ. ಅತ್ತೆ ಸುಮ್ಮನೆ ನೀರು ಕುಡಿದರು. ಮಗ ಹೆಂಡತಿಯ ಮುಖ ನೋಡಿದ. ಬ್ರೇಕು ಹೋಗಿದ್ದರೂ ಅವನು ಅಷ್ಟು ಹೆದರುತ್ತಿರಲಿಲ್ಲ.

ಸೊಸೆ ತನ್ನ ಕೈಲಾದದ್ದು ಮಾಡಿದಳು. "ಅತ್ತೆ, ನಾನು ನಿನ್ನೆ ನಾಲ್ಕು ಅಂಗಿ ಹೊಲಿದೆವು," ಅಂದಳು. "ಅಕ್ಕಪಕ್ಕದ ಹಂಗಡಿಯವರೆಲ್ಲ ನಿಮ್ಮನ್ನ ಕೇಳ್ತಾ ಇತ್ತು," ಅಂದಳು. ಅತ್ತೆ ಗೋಡೆಯ ಕಡೆ ಹೊರಳಿ ಮಲಗಿದರು. ಕಾಲು ಮುರಿದಾಗಲೂ ಈ ಮನುಷ್ಯೆ ಹೀಗೆ ಮಂಕಾಗಿರಲಿಲ್ಲ. ಎತ್ತಿಕೊಂಡು ಹೋಗುವಾಗಲೂ "ಎತ್ಕೋ ಅಲ್ಲ, ಎತ್ತಿಕೋ" ಅಂತ ವೆಲ್ಡರನನ್ನು ತಿದ್ದಿದ್ದರು. ಇದು ಹೀಗೇ ಬಿಟ್ಟರೆ ಆಗುವುದಲ್ಲ ಅಂತ ಟೈಲರಕ್ಕನಿಗೆ ಗೊತ್ತಾಯಿತು. ಏನು ಮಾಡಬೇಕೆಂದು ಮಾತ್ರ ಗೊತ್ತಾಗಲಿಲ್ಲ.

ನಾಲ್ಕನೇ ದಿನ ಸಂಜೆ ಅಂಗಡಿ ಮುಚ್ಚಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗಿನಿಂದ ಕರಕರ ಸದ್ದು. ಅತ್ತೆ ಕಿಟಕಿಯ ಹತ್ತಿರ ಕೂತು ಕೆಂಪು ಪೆನ್ನಿನಿಂದ ಏನೋ ಗೀಚುತ್ತಿದ್ದರು.

"ಇವನ ಕೈ ಸೇದಿಹೋಗ! 'ಮೆಟ್ಟಿಲು ಹೇರುವಾಗ' ಅಂತೆ! ಮೆಟ್ಟಿಲನ್ನ ತಲೆ ಮೇಲೆ ಹೇರ್ಕೊಂಡು ಹೋಗ್ಬೇಕೇನೇ? ಇಲ್ಲಿ ನೋಡು, 'ಹಾಯ ತಪ್ಪಿ ಬಿದ್ದಲ್ಲಿ'. ಆಯಕ್ಕೆ ಬಾಲ ಯಾಕೆ? ಹಕಾರ ಏನು ಪುಕ್ಕಟೆ ಸಿಕ್ಕಿತ್ತಾ ಇವನಿಗೆ?"

ಸೊಸೆ ಬಾಗಿಲಲ್ಲೇ ನಿಂತಳು. ಕಿವಿಗೆ ಇಷ್ಟು ಹಿತವಾದ ಬೈಗುಳ ಅವಳು ಈಚೆಗೆ ಕೇಳಿರಲಿಲ್ಲ.

"ಚಹಾ ಮಾಡ್ಲಾ ಅತ್ತೆ?"

"ಮಾಡು. ಇನ್ನೂ ಹನ್ನೆರಡು ಪುಟ ಇದೆ." ಪುಟ ತಿರುಗಿಸಿದರು. ಪೆನ್ನು ಸಾಲಿನಿಂದ ಸಾಲಿಗೆ ಇಳಿಯುತ್ತ ಒಂದು ಕಡೆ ನಿಂತುಬಿಟ್ಟಿತು. ಅತ್ತೆ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿಕೊಂಡರು. "ಬಾ ಇಲ್ಲಿ. ಇದನ್ನ ಓದು."

ಅವಳು ಓದಿದಳು. "'ನಿಯಮ ಇಪ್ಪತ್ತಾರು. ಮೆಟ್ಟಿಲು ಹತ್ತುವಾಗಲೂ ಇಳಿಯುವಾಗಲೂ ಪ್ರತಿಯೊಬ್ಬರೂ ಪಕ್ಕದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಳ್ಳತಕ್ಕದ್ದು. ಇದು ಕಡ್ಡಾಯ.'" ಓದಿ, ಅತ್ತೆಯ ಮುಖ ನೋಡಿದಳು. "ಯಾವ ಕಂಬಿ?"

"ಅದನ್ನೇ ಹೋಗಿ ಕೇಳು," ಎಂದರು ಅತ್ತೆ. ಆ ಸಾಲಿನ ಪಕ್ಕದಲ್ಲಿ ಕೆಂಪು ಪೆನ್ನಿನಿಂದ ದೊಡ್ಡದಾಗಿ ಸರಿ ಗುರುತು ಹಾಕಿದರು. ಅದರ ಕೆಳಗೆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಏನೋ ಒಂದು ಸಾಲು ಬರೆದರು.

ಮುಂದಿನ ಸಭೆಗೆ ಸಮಿತಿಯ ಕೊಠಡಿ ಸಾಲಲಿಲ್ಲ. ಪುಸ್ತಕ ಓದಿ ನಕ್ಕವರೆಲ್ಲ ಬಂದಿದ್ದರು. ಸಾಮಾನ್ಯವಾಗಿ ಮೂವತ್ತು ಕುರ್ಚಿಗೆ ಹನ್ನೊಂದು ಜನ, ಅದರಲ್ಲೂ ನಾಲ್ವರು ಚಹಾಕ್ಕೆ. ಇವತ್ತು ಕಿಟಕಿಯ ಕಟ್ಟೆಯ ಮೇಲೂ ಜನ. ಅಧ್ಯಕ್ಷರು ಗುಂಪು ನೋಡಿ ಗಾಬರಿಯಾಗಿ ಟೈಯನ್ನು ಎರಡು ಸಲ ಸರಿಮಾಡಿಕೊಂಡರು.

ಟೈಲರಕ್ಕ ಎದ್ದು ನಿಂತಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಮಾತಾಡಿ ಮಾತಾಡಿ, ಬಾಯಿ ಪೂರ್ತಿ ತೆರೆದು ಮಾತಾಡುವ ಅಭ್ಯಾಸವೇ ಅವಳಿಗೆ ಇರಲಿಲ್ಲ. ಮೊದಲ ವಾಕ್ಯ ಯಾರಿಗೂ ಕೇಳಲಿಲ್ಲ.

"ಸೂಜಿ ಉಗುಳಿ ಮಾತಾಡಕ್ಕೋ!" ಅಂತ ಹಿಂದಿನಿಂದ ಬೇಕರಿಯವಳು ಕೂಗಿದಳು. ಎಲ್ಲರೂ ನಕ್ಕರು. ಟೈಲರಕ್ಕನೂ ನಕ್ಕಳು, ಆ ನಗುವಿನಲ್ಲಿ ಬಾಯಿ ಪೂರ್ತಿ ತೆರೆಯಿತು.

"ನಾವು ಕೇಳಿದ್ದು ಹಿಡ್ಕೊಳ್ಳೋ ಕೈಪಿಡಿ. ನೀವು ಕೊಟ್ಟಿದ್ದು ಓದೋ ಕೈಪಿಡಿ. ತಪ್ಪು ನಿಮ್ಮದೂ ಅಲ್ಲ, ನಮ್ಮದೂ ಅಲ್ಲ, ಪದದ್ದು. ಆಗಿದ್ದು ಆಯ್ತು. ಆದ್ರೆ ಸಾರ್, ನಿಮ್ಮ ಪುಸ್ತಕದಲ್ಲಿ ನಿಯಮ ಇಪ್ಪತ್ತಾರು ಇದೆ. ಕಂಬಿ ಹಿಡ್ಕೊಳ್ಳೋದು ಕಡ್ಡಾಯ ಅಂತ. ಇವತ್ತು ಬೆಳಿಗ್ಗೆಯಿಂದ ನಾನು ನಾಲ್ಕು ಸಲ ನಿಯಮ ಮುರಿದಿದೀನಿ. ಇಲ್ಲಿರೋರೆಲ್ಲ ಮುರಿದಿದಾರೆ. ಹಿಡ್ಕೊಳ್ಳೋಣ ಅಂದ್ರೆ ಕಂಬಿ ಎಲ್ಲಿದೆ?"

ಕೊಠಡಿ ಚಪ್ಪಾಳೆಯಿಂದ ತುಂಬಿತು. ಅಧ್ಯಕ್ಷರು ಕೈ ಎತ್ತಿ ಸುಮ್ಮನಿರಿಸಿದರು. "ನೋಡಿ, ನ್ಯಾಯವಾದ ಮಾತು. ನ್ಯಾಯವಾದ ಮಾತೇ. ಆದ್ರೆ ಈ ವರ್ಷದ ಕಾಮಗಾರಿ ಹಣ ಮುಗಿದಿದೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ. ಸದ್ಯಕ್ಕೆ ಒಂದು ಸುಲಭದ ದಾರಿ ಇದೆ. ಆ ಇಪ್ಪತ್ತಾರನೇ ನಿಯಮ ತೆಗೆದುಬಿಡೋಣ. ಅದರ ಮೇಲೆ ಒಂದು ಚೀಟಿ ಅಂಟಿಸಿದ್ರೆ ಆಯ್ತು. ಎಲ್ಲರಿಗೂ ಒಪ್ಪಿಗೆ ತಾನೆ?"

ಸಭೆ ಗುಸುಗುಸು ಅಂದಿತು. ಮುಂದಿನ ವರ್ಷ ಅಂದರೆ ಬಡಾವಣೆಯ ಲೆಕ್ಕದಲ್ಲಿ ದೊಡ್ಡ ಮಾತಲ್ಲ. ಟೈಲರಕ್ಕನಿಗೆ ಮಾತ್ರ ಗಾಳಿಯಲ್ಲಿ ನಿಂತು ಹಿಂದೆ ಸರಿಯುವ ಆ ಒಂದು ಕಾಲು ಕಣ್ಣಿಗೆ ಕಟ್ಟಿತು. ಇನ್ನೊಂದು ವರ್ಷ ಹಾಗೆ ನಿಂತರೆ ಅದು ಚಪ್ಪಲಿ ಮೆಟ್ಟುವುದನ್ನೂ ಬಿಟ್ಟುಬಿಡುತ್ತದೆ. ಅವಳು ಕೈಯಲ್ಲಿದ್ದ ಪುಸ್ತಕವನ್ನು ಷರಾ ಸಾಹೇಬರ ಮುಂದೆ ಇಟ್ಟಳು. "ಚೀಟಿ ಅಂಟಿಸೋಕೆ ಮುಂಚೆ ಇದನ್ನೊಂದು ನೋಡಿ. ನಮ್ಮತ್ತೆ ಕಳಿಸಿದಾರೆ."

ಷರಾ ಸಾಹೇಬರು ಸಭೆ ಶುರುವಾದಾಗಿನಿಂದ ತಲೆ ಎತ್ತಿರಲಿಲ್ಲ. ಪುಸ್ತಕ ಬರೆದವರು ಅವರೇ. ಅರ್ಜಿಯಲ್ಲಿದ್ದ 'ದಾರಿಯುದ್ದಕ್ಕೂ ಆಸರೆಯಾಗಿ ಒದಗಬೇಕು' ಅನ್ನುವ ಮಾತು ಅವರ ಎದೆಗೆ ತಾಗಿಬಿಟ್ಟಿತ್ತು. ಇಪ್ಪತ್ತು ವರ್ಷ ಬೇರೆಯವರ ಕಾಗದದ ಅಂಚಿನಲ್ಲಿ ಒಂದೊಂದು ಸಾಲು ಬರೆದವರಿಗೆ ಇದು ತಾವೇ ಬರೆದ ಮೊದಲ ಪುಸ್ತಕ. ಎರಡು ಭಾನುವಾರ ಆ ಮೆಟ್ಟಿಲಿನ ಬುಡದಲ್ಲಿ ಕೂತು ಜನ ಹತ್ತುವುದನ್ನು ನೋಡಿ ಬರೆದದ್ದು. ಈಗ ಬಡಾವಣೆಯೇ ನಗುತ್ತಿತ್ತು.

ಅವರು ಪುಸ್ತಕ ತೆರೆದರು. ಮೊದಲ ಪುಟ ಕೆಂಪು. ಎರಡನೆಯದೂ ಕೆಂಪು. ಮುಖವೂ ಅದೇ ಬಣ್ಣಕ್ಕೆ ತಿರುಗಿತು. ಪುಟ ತಿರುಗಿಸುತ್ತ ಹೋದರು. ಆಮೇಲೆ ತಿರುಗಿಸುವ ವೇಗ ಕಡಿಮೆಯಾಯಿತು. "ಕೊನೇ ಪುಟದವರೆಗೂ ಇದೆ," ಅಂದರು, ತಮಗೆ ತಾವೇ ಹೇಳಿಕೊಂಡ ಹಾಗೆ. "ಅವರು ಪೂರ್ತಿ ಓದಿದಾರೆ."

"ಎರಡು ಸಲ," ಅಂದಳು ಟೈಲರಕ್ಕ.

ಇಪ್ಪತ್ತಾರನೇ ನಿಯಮದ ಹತ್ತಿರ ಅವರು ನಿಂತರು. ಅಲ್ಲಿ ಬರೆದದ್ದನ್ನು ಓದಿದರು. ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು: "'ಇಡೀ ಪುಸ್ತಕದಲ್ಲಿ ತಪ್ಪಿಲ್ಲದ ವಾಕ್ಯ ಇದೊಂದೇ. ಚೆನ್ನಾಗಿದೆ. ಇದನ್ನು ಯಾರೂ ಮುಟ್ಟಬೇಡಿ.'"

ಪುಸ್ತಕ ಮುಚ್ಚಿ ಎದ್ದು ನಿಂತರು. ಷರಾ ಸಾಹೇಬರು ಸಭೆಯಲ್ಲಿ ಎದ್ದು ನಿಂತದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಅವರು ಅಷ್ಟು ಎತ್ತರ ಅಂತಲೂ ಯಾರಿಗೂ ಗೊತ್ತಿರಲಿಲ್ಲ.

"ಈ ವಾಕ್ಯ ತೆಗೆಯೋ ಹಾಗಿಲ್ಲ ಸಾರ್."

"ಏನ್ರೀ ಇದು, ನೀವೇ ಹೀಗಂದ್ರೆ..." ಅಂದರು ಅಧ್ಯಕ್ಷರು.

"ವಾಕ್ಯ ಇರುತ್ತೆ. ವಾಕ್ಯ ಇದ್ರೆ ಕಂಬಿ ಇರ್ಬೇಕು." ಕಡತ ಬಿಚ್ಚಿ, ಕಣ್ಣು ಮುಚ್ಚಿದರೂ ಸಿಗುವ ಪುಟ ತೆರೆದರು. "ಸಮಿತಿ ಏನಾದ್ರೂ ಪ್ರಕಟಿಸಿದ್ರೆ, ಅದರಲ್ಲಿ ಹೇಳಿದ್ದನ್ನ ಜಾರಿಗೆ ತರೋಕೆ ಅಂತ ಪ್ರತ್ಯೇಕ ಹಣ ಇಟ್ಟಿದೆ. ಸಾಮಾನು ಸರಂಜಾಮು ಅದರಲ್ಲಿ ಬರುತ್ತೆ. ಕೆಲಸ ಮಾತ್ರ ನಿವಾಸಿಗಳೇ ಕೈ ಹಾಕಿ ಮಾಡ್ಬೇಕು."

"ಅಂಥದ್ದೊಂದು ಹಣ ಇದೆಯಾ? ಇದೆಯಾ? ಮತ್ತೆ ಇಷ್ಟು ವರ್ಷ ಯಾಕೆ ಯಾರೂ ಮುಟ್ಟಿಲ್ಲ?"

"ಇಷ್ಟು ವರ್ಷ ನಾವು ಪ್ರಕಟಿಸಿದ್ದನ್ನ ಯಾರೂ ಓದಿಲ್ಲ ಸಾರ್."

ಕಿಟಕಿಯ ಕಟ್ಟೆಯ ಮೇಲಿದ್ದವರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಅಧ್ಯಕ್ಷರಿಗೂ ತಡೆಯಲಾಗಲಿಲ್ಲ. "ಕೆಲಸ ಯಾರು ಮಾಡ್ತೀರಿ?" ಅಂತ ಕೇಳುವಷ್ಟರಲ್ಲಿ ವೆಲ್ಡರ್ ಎದ್ದು, "ಬೆಸುಗೆ ನಂದು. ಗುಂಡಿ ತೋಡೋರು ಹೆಸರು ಕೊಡಿ," ಅಂದ. ಬೇಕರಿಯವಳು ತನ್ನ ಹೆಸರಿನ ಜೊತೆಗೆ, ಆ ದಿನ ಸಭೆಗೆ ಬಾರದ ತನ್ನ ಗಂಡನ ಹೆಸರನ್ನೂ ಬರೆಸಿದಳು.

ಮೂರು ರಜಾದಿನ ಕೆಲಸ ನಡೆಯಿತು. ಗುಂಡಿ ತೋಡಿದವರಿಗಿಂತ ಗುಂಡಿ ಎಲ್ಲಿ ತೋಡಬೇಕು ಅಂತ ಹೇಳಿದವರೇ ಹೆಚ್ಚು. ಅಧ್ಯಕ್ಷರು ಗಾಯಕ್ಕೆ ಅಂಟಿಸುವ ಪಟ್ಟಿ ತಂದು ಗಾಯ ಆಗದವರಿಗೂ ಹಂಚಿದರು. ಬೇಕರಿಯವಳ ಗಂಡ ಪೈಪು ಹೊತ್ತು ಮೇಲೇರುತ್ತ, ಪ್ರತಿ ಹತ್ತು ಮೆಟ್ಟಿಲಿಗೆ ಒಮ್ಮೆ "ಹತ್ತಲು ಬಳಸಿದ ಮೆಟ್ಟಿಲನ್ನೇ ಇಳಿಯಲೂ ಬಳಸಬಹುದು" ಅಂತ ಕೂಗುತ್ತಿದ್ದ. ಷರಾ ಸಾಹೇಬರು ತೋಳು ಮಡಚಿ ಗಾರೆ ಕಲಸಿದರು. ಮೇಲಿನ ಮೆಟ್ಟಿಲಿನಲ್ಲಿ ಕುರ್ಚಿ ಹಾಕಿಸಿಕೊಂಡ ಟೀಚರಮ್ಮ ಅಲ್ಲಿಂದಲೇ ಎಲ್ಲರ ಕೆಲಸವನ್ನೂ ಎಲ್ಲರ ಉಚ್ಚಾರವನ್ನೂ ನೋಡಿಕೊಂಡರು.

ಎರಡೂ ಬದಿಗೆ ಕಂಬಿ ನಿಂತಿತು. ಅತ್ತೆ ಇಳಿಯಲಿಲ್ಲ.

"ಗಾರೆ ಗಟ್ಟಿಯಾಗ್ಲಿ," ಅಂದರು ಮೊದಲ ದಿನ. ಗಾರೆ ಗಟ್ಟಿಯಾಯಿತು. "ವೆಲ್ಡರ್ ಇನ್ನೊಂದ್ಸಲ ಅಲ್ಲಾಡಿಸಿ ನೋಡ್ಲಿ," ಅಂದರು. ಅವನು ಒಂದೊಂದು ಕಂಬಕ್ಕೂ ಜೋತುಬಿದ್ದು ತೋರಿಸಿದ. "ಬಣ್ಣ ಬಳಿಯದೆ ಕಬ್ಬಿಣ ಮುಟ್ಟಬಾರದು, ಕೈಗೆ ತುಕ್ಕು," ಅಂದರು. ಮುಂದಿನ ಸಭೆಯ ದಿನ ಬೆಳಿಗ್ಗೆ ಬಣ್ಣವೂ ಆಯಿತು; ವೆಲ್ಡರನ ಶೆಡ್ಡಿನಲ್ಲಿ ಮಿಕ್ಕಿದ್ದ ಗಾಢ ನೀಲಿ.

ಮಧ್ಯಾಹ್ನ ಊಟಕ್ಕೆ ಬಂದ ಸೊಸೆ ಚಪ್ಪಲಿಯನ್ನು ತೆಗೆದು ಅತ್ತೆಯ ಕಾಲ ಬಳಿ ಇಟ್ಟಳು. "ಸಂಜೆ ಸಭೆ ಇದೆ ಅತ್ತೆ. ನಿಮಗೆ ಧನ್ಯವಾದ ಹೇಳ್ತಾರಂತೆ."

"ಬಣ್ಣ ಒಣಗ್ಲಿ ಕಣೇ. ಎರಡು ದಿನ ಬೇಕು. ಆಮೇಲೆ ನೋಡೋಣ."

"ಜೊತೆಗೆ ನಾನಿರ್ತೀನಲ್ಲ."

"ನೀನಿದ್ರೆ ಬಣ್ಣ ಬೇಗ ಒಣಗುತ್ತಾ?" ಅಂದವರೇ ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಹಾಗೇ ಹೊರಗೆ ನೋಡುತ್ತ, "ನೀನು ಹೋಗಮ್ಮ. ಹಿಂದೆ ಮುಂದೆ ಯಾರಾದ್ರೂ ನೋಡ್ತಾ ಇದ್ರೆ ನನಗೆ ಕಾಲೇ ಏಳಲ್ಲ," ಅಂದರು. ಇಷ್ಟು ತಿಂಗಳಲ್ಲಿ ಅವರು ಅದನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಸೊಸೆ ಮತ್ತೆ ಒತ್ತಾಯಿಸಲಿಲ್ಲ. ತಟ್ಟೆ ತೊಳೆದಿಟ್ಟು, ಹೋಗುವಾಗ ಬಾಗಿಲನ್ನು ಪೂರ್ತಿ ಮುಚ್ಚದೆ ಹೋದಳು.

ಸಂಜೆ ಕೊಠಡಿ ಮತ್ತೆ ತುಂಬಿತ್ತು. ಟೈಲರಕ್ಕ ಮುಂದಿನ ಸಾಲಿನಲ್ಲಿ ಕೂತಳು. ಧನ್ಯವಾದ ಹೇಳುವಾಗ ಅಧ್ಯಕ್ಷರು ಎರಡೆರಡು ಸಲ ಬಾಗಿಲ ಕಡೆ ನೋಡಿದರು, ಅವಳು ನೋಡಲಿಲ್ಲ. ಟೀಚರಮ್ಮನ ಪರವಾಗಿ ಅವಳೇ ಎದ್ದು ಒಂದು ಕೆಂಪು ಪೆನ್ನಿನ ಪೆಟ್ಟಿಗೆ ತೆಗೆದುಕೊಂಡಳು. ಷರಾ ಸಾಹೇಬರು ಕೊಡಿಸಿದ್ದಂತೆ. ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಚೆನ್ನಾಗಿ ಹೊಲಿದು ಮುಗಿಸಿದ ಅಂಗಿಯಲ್ಲಿ ಒಂದು ಗುಂಡಿ ಮಾತ್ರ ಸಿಗದೆ ಹೋದವಳ ಹಾಗೆ ಕೂತಿದ್ದಳು.

ಕೊನೆಯ ವಿಷಯ ಬಂತು. ಮೆಟ್ಟಿಲುಗಳ ನಡುವೆ, ಹತ್ತುವವರು ಉಸಿರು ಸುಧಾರಿಸಿಕೊಳ್ಳಲು ಒಂದು ಬೆಂಚು ಹಾಕುವುದೋ ಬೇಡವೋ. "ಬೆಂಚು ಅಂದ್ರೆ ಕೂರೋ ಬೆಂಚು," ಅಂತ ಅಧ್ಯಕ್ಷರು ಸ್ಪಷ್ಟಪಡಿಸಿದರು. "ಕೂರೋ ಬೆಂಚು. ಒಪ್ಪಿಗೆ ಇರೋರು ಕೈ ಎತ್ತಿ."

ಎಲ್ಲರೂ ಕೈ ಎತ್ತಿದರು. ಎಲ್ಲರೂ ಒಬ್ಬರ ಕೈ ಒಬ್ಬರು ನೋಡಿದರು. ಬೇಕರಿಯವಳ ಅಂಗೈಯಲ್ಲಿ ಒಂದು ನೀಲಿ ಗೆರೆ. ಅವಳ ಗಂಡನ ಅಂಗೈಯಲ್ಲಿ ಎರಡು. ಬಣ್ಣ ಹಸಿ ಇದೆ ಅಂತ ಫಲಕ ಬರೆದು ತೂಗುಹಾಕಿದ ಷರಾ ಸಾಹೇಬರ ಕೈಯಲ್ಲೂ ನೀಲಿ. ಹೊಸ ಕಂಬಿ ಕಂಡು ಮುಟ್ಟದೆ ಬರುವುದು ಯಾರಿಂದಲೂ ಆಗಿರಲಿಲ್ಲ. ನಗು ಅಲೆಅಲೆಯಾಗಿ ಹಿಂದಿನ ಸಾಲಿನವರೆಗೂ ಹೋಯಿತು.

ಷರಾ ಸಾಹೇಬರು ಪೆನ್ನಿನ ತುದಿಯಿಂದ ಕೈಗಳನ್ನು ಎಣಿಸುತ್ತ ಬಂದರು. "ಐವತ್ತೆರಡು, ಐವತ್ತಮೂರು..." ಬಾಗಿಲ ಹತ್ತಿರ ಬಂದು ಪೆನ್ನು ನಿಂತಿತು. ಅವರು ಎಣಿಕೆ ಬಿಟ್ಟು ಟೈಲರಕ್ಕನ ಮುಖ ನೋಡಿದರು. ಅವಳು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದಳು.

ಬಾಗಿಲ ಚೌಕಟ್ಟಿಗೆ ಒರಗಿ, ಏದುಸಿರು ಬಿಡುತ್ತ ಯಾರೋ ನಿಂತು ಕೈ ಎತ್ತಿದ್ದರು. ಮಿಕ್ಕವರ ಕೈಯಲ್ಲಿ ಒಂದೊಂದು ಗೆರೆ ಇದ್ದರೆ, ಆ ಕೈ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಪೂರ್ತಿ ನೀಲಿಯಾಗಿತ್ತು.